ಕಾನೂನು ಯಾವುದನ್ನು ಅಂಗವೈಕಲ್ಯ ಎನ್ನುತ್ತದೆ? ನಿಮ್ಮ ಸ್ಥಿತಿಯನ್ನು ನೀವೇ ಪರಿಶೀಲಿಸಿಕೊಳ್ಳುವ ಬಗೆ

‘ನಲವತ್ತು ಪರ್ಸೆಂಟ್ ಇಲ್ಲ, ಹಾಗಾಗಿ ನೀವು ಅಂಗವಿಕಲರಲ್ಲ.’ ಕಚೇರಿಯ ಕಿಟಕಿಯಲ್ಲಿ ಈ ಉತ್ತರ ಕೇಳಿ ಮನೆಗೆ ಮರಳಿದವರು ನಮ್ಮಲ್ಲಿ ಬಹಳ ಜನ. ಆ ಉತ್ತರ ಕಾನೂನಿನಲ್ಲಿ ಇಲ್ಲ. ಅಂಗವಿಕಲರ ಹಕ್ಕುಗಳ ಅಧಿನಿಯಮ 2016, ಅಂದರೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ಕಾಯ್ದೆ, ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಕೇಳುತ್ತದೆ. ಈ ವ್ಯಕ್ತಿಗೆ ಅಂಗವೈಕಲ್ಯ ಇದೆಯೇ ಎಂಬುದು ಮೊದಲನೆಯದು. ಅದು ಶೇ 40 ಅಥವಾ ಅದಕ್ಕಿಂತ ಹೆಚ್ಚಿದೆಯೇ ಎಂಬುದು ಎರಡನೆಯದು. ಎರಡನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ ಮೊದಲನೆಯದರ ‘ಹೌದು’ ಅಳಿಸಿಹೋಗುವುದಿಲ್ಲ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮುಂದಿನ ಹಂತಗಳನ್ನು ಓದಿ.

ಹಂತ 1: ಕಾಯಿಲೆಯ ಹೆಸರಿಗಿಂತ ಮೊದಲು ತಡೆಯನ್ನು ಬರೆದುಕೊಳ್ಳಿ

ದೈಹಿಕ, ಮಾನಸಿಕ, ಬೌದ್ಧಿಕ ಅಥವಾ ಇಂದ್ರಿಯಕ್ಕೆ ಸಂಬಂಧಿಸಿದ ದೀರ್ಘಕಾಲದ ನ್ಯೂನತೆ ಇದ್ದು, ಅದು ಸುತ್ತಲಿನ ಅಡೆತಡೆಗಳೊಂದಿಗೆ ಸೇರಿಕೊಂಡು ಸಮಾಜದಲ್ಲಿ ಎಲ್ಲರಿಗೆ ಸಮನಾಗಿ ಪಾಲ್ಗೊಳ್ಳಲು ಅಡ್ಡಿಯಾದರೆ ಅಂಥವರು ಅಂಗವೈಕಲ್ಯ ಇರುವ ವ್ಯಕ್ತಿ. ಇದು ಕಾಯ್ದೆಯ 2ನೇ ಸೆಕ್ಷನ್ನಿನ ತಿರುಳು. ಅಡೆತಡೆ ಎಂದರೆ ಕಟ್ಟಡದ ಮೆಟ್ಟಿಲು ಮಾತ್ರವಲ್ಲ. ಜನರ ಧೋರಣೆ, ಸಂಸ್ಥೆಯ ನಿಯಮ, ಸಂವಹನದ ಕೊರತೆ, ಆರ್ಥಿಕ ಕಾರಣಗಳು ಕೂಡ ಅಡೆತಡೆಗಳೇ ಎಂದು ಕಾಯ್ದೆ ಬಿಡಿಸಿ ಹೇಳಿದೆ.

ಒಂದು ಹಾಳೆಯಲ್ಲಿ ಮೂರು ಸಂಗತಿ ಬರೆಯಿರಿ: ತೊಂದರೆ ಏನು, ಎಂದಿನಿಂದ ಇದೆ, ಯಾವ ಕೆಲಸದಲ್ಲಿ ತಡೆಯುತ್ತದೆ. ‘ಕಾಲು ನೋವು’ ಎಂದು ಬರೆದರೆ ಸಾಲದು. ‘ಆರು ವರ್ಷಗಳಿಂದ ಎಡಗಾಲು ಮಡಚಲು ಆಗುತ್ತಿಲ್ಲ, ಬಸ್ ಹತ್ತಲು ಮತ್ತೊಬ್ಬರು ಬೇಕು, ಕಚೇರಿಯ ಮೊದಲ ಮಹಡಿಗೆ ಹೋಗಲಾಗುವುದಿಲ್ಲ’ ಎಂದು ಬರೆಯಿರಿ. ಮೂಳೆ ಮುರಿದು ಕೆಲವು ವಾರ ಪಟ್ಟಿ ಕಟ್ಟಿಸಿಕೊಂಡ ಕಾಲು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಅದೇ ಮುರಿತ ಸರಿಯಾಗಿ ಕೂಡದೆ ನಡಿಗೆ ಶಾಶ್ವತವಾಗಿ ಕೆಟ್ಟರೆ ಬರಬಹುದು. ಈ ಹಾಳೆ ಕೊನೆಯ ಹಂತದವರೆಗೂ ಬೇಕಾಗುತ್ತದೆ.

ಹಂತ 2: ಪಟ್ಟಿಯಲ್ಲಿ ಹುಡುಕಿ

1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು. ಈಗಿನ ಕಾಯ್ದೆಯ ಅನುಸೂಚಿಯಲ್ಲಿ 21 ಇವೆ. ಕೈಕಾಲುಗಳ ಚಲನೆಯ ತೊಂದರೆ, ಕುರುಡುತನ, ಮಂದದೃಷ್ಟಿ, ಕಿವುಡುತನ ಎಲ್ಲರಿಗೂ ಗೊತ್ತಿರುವಂಥವು. ಜನರಿಗೆ ಗೊತ್ತಿಲ್ಲದೆ ಕೈತಪ್ಪುವುದು ಉಳಿದವುಗಳಲ್ಲಿ ಹಲವು: ಆಸಿಡ್ ದಾಳಿಗೆ ತುತ್ತಾದವರು, ಸ್ನಾಯುಕ್ಷಯ, ಸೆರೆಬ್ರಲ್ ಪಾಲ್ಸಿ, ಆಟಿಸಂ, ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲಿರೋಸಿಸ್, ಹಿಮೊಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್. ಈ ಕೊನೆಯ ಮೂರು ರಕ್ತದ ಕಾಯಿಲೆಗಳು ಹೊರನೋಟಕ್ಕೆ ಕಾಣುವುದೇ ಇಲ್ಲ. ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಬುಡಕಟ್ಟು ಕುಟುಂಬಗಳಲ್ಲಿ ಸಿಕಲ್ ಸೆಲ್ ಇದೆ; ಅದು ಈ ಕಾಯ್ದೆಯೊಳಗೆ ಬರುತ್ತದೆ ಎಂಬ ಸುದ್ದಿ ಮೊದಲು ಮುಟ್ಟಬೇಕಾದದ್ದು ಆ ಹಾಡಿಗಳಿಗೆ.

ಕೆಲವಕ್ಕೆ ಅನುಸೂಚಿಯೇ ಅಳತೆ ಕೊಟ್ಟಿದೆ. ವಯಸ್ಕರ ಎತ್ತರ 147 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆಗೆ ನಿಲ್ಲುವಂತೆ ಮಾಡುವ ವೈದ್ಯಕೀಯ ಸ್ಥಿತಿ ಕುಬ್ಜತೆ. ಎರಡೂ ಕಿವಿಗಳಲ್ಲಿ 70 ಡೆಸಿಬಲ್ ಶ್ರವಣ ನಷ್ಟವಿದ್ದರೆ ಕಿವುಡು, 60ರಿಂದ 70 ಇದ್ದರೆ ಮಂದ ಶ್ರವಣ. ‘ಎರಡೂ’ ಎಂಬುದನ್ನು ಗಮನಿಸಿ: ಒಂದೇ ಕಿವಿ ಕೇಳಿಸದವರು ಈ ಅಳತೆಯೊಳಗೆ ಬರುವುದಿಲ್ಲ. ದೃಷ್ಟಿಯನ್ನು ಅಳೆಯುವುದು ಸರಿಯಾದ ಕನ್ನಡಕ ಹಾಕಿದ ಮೇಲೆ, ಅದೂ ಚೆನ್ನಾಗಿರುವ ಕಣ್ಣಿನಲ್ಲಿ. ದಪ್ಪ ಗಾಜಿನ ಕನ್ನಡಕ ಹಾಕಿ ಸ್ಪಷ್ಟವಾಗಿ ಓದುವವರಿಗೆ ಪ್ರಮಾಣಪತ್ರ ಸಿಗದಿರುವುದು ಇದೇ ಕಾರಣಕ್ಕೆ.

ಹಂತ 3: ಶೇಕಡಾವಾರು ಹೇಗೆ ಬರುತ್ತದೆಂದು ತಿಳಿದುಕೊಳ್ಳಿ

ವೈದ್ಯರು ಅಂದಾಜಿನ ಮೇಲೆ ಅಂಕಿ ಬರೆಯುವಂತಿಲ್ಲ. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿ 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಇದೆ. ಪ್ರತಿಯೊಂದು ಬಗೆಗೂ ಅದರಲ್ಲಿ ಅಳೆಯುವ ವಿಧಾನವಿದೆ.

ಒಂದು ಕಣ್ಣು ಪೂರ್ತಿ ಹೋಗಿ, ಇನ್ನೊಂದು ಚೆನ್ನಾಗಿದ್ದರೆ 2018ರ ಕೋಷ್ಟಕದಂತೆ ಶೇ 30. ಹಾಗಾಗಿ ಒಂದೇ ಕಣ್ಣಿರುವವರಿಗೆ ಆ ಕಾರಣವೊಂದರಿಂದಲೇ 40 ದಾಟುವುದಿಲ್ಲ. ಆದರೆ ಅವರಿಗೆ ಬೇರೊಂದು ತೊಂದರೆಯೂ ಇದ್ದರೆ ಲೆಕ್ಕ ಬದಲಾಗುತ್ತದೆ. ಎರಡು ಅಂಕಿಗಳನ್ನು ಸುಮ್ಮನೆ ಕೂಡಿಸುವುದಿಲ್ಲ. ದೊಡ್ಡ ಅಂಕಿಯನ್ನು 90ರಿಂದ ಕಳೆದು, ಬಂದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ದೊಡ್ಡ ಅಂಕಿಗೆ ಸೇರಿಸುತ್ತಾರೆ. ಕಣ್ಣಿನದು 30, ಕೈಯದು 20 ಎಂದುಕೊಳ್ಳಿ. 60ನ್ನು 20ರಿಂದ ಗುಣಿಸಿದರೆ 1200, 90ರಿಂದ ಭಾಗಿಸಿದರೆ 13ಕ್ಕೆ ತುಸು ಹೆಚ್ಚು, ಒಟ್ಟು 43. ಬಿಡಿಬಿಡಿಯಾಗಿ ನೋಡಿದಾಗ ದಾಟದ ಗೆರೆ ಸೇರಿಸಿ ನೋಡಿದಾಗ ದಾಟಿತು. ಆದ್ದರಿಂದ ಅರ್ಜಿಯಲ್ಲಿ ದೊಡ್ಡ ತೊಂದರೆಯನ್ನು ಮಾತ್ರ ಹೇಳಿ ಸಣ್ಣದನ್ನು ಬಿಡಬೇಡಿ.

ಹಂತ 4: ಅರ್ಜಿ ಹಾಕಿ

ಕೇಂದ್ರ ಸರ್ಕಾರದ ಸ್ವಾವಲಂಬನ ಪೋರ್ಟಲ್‌ನಲ್ಲಿ ಯುಡಿಐಡಿ ಕಾರ್ಡ್‌ಗೆ, ಅಂದರೆ ವಿಶಿಷ್ಟ ಅಂಗವೈಕಲ್ಯ ಗುರುತಿನ ಚೀಟಿಗೆ, ಅರ್ಜಿ ಸಲ್ಲಿಸಬೇಕು. ಭಾವಚಿತ್ರ, ಆಧಾರ್, ವಿಳಾಸದ ದಾಖಲೆ, ಸಹಿ ಅಥವಾ ಹೆಬ್ಬೆರಳ ಗುರುತು ಬೇಕು. ಮೊಬೈಲ್‌ನಲ್ಲಿ ಮಾಡಲಾಗದಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಜನ ಇವರನ್ನು ವಿ.ಆರ್.ಡಬ್ಲ್ಯೂ. ಎನ್ನುತ್ತಾರೆ. ತಾಲ್ಲೂಕಿನಲ್ಲಾದರೆ ಎಂ.ಆರ್.ಡಬ್ಲ್ಯೂ., ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಇರುತ್ತಾರೆ.

ತಪಾಸಣೆಯ ದಿನ ಹಳೆಯ ಚೀಟಿ, ಸ್ಕ್ಯಾನ್, ಶಸ್ತ್ರಚಿಕಿತ್ಸೆಯ ಕಾಗದ, ಜೊತೆಗೆ ಮೊದಲ ಹಂತದ ಹಾಳೆ ನಿಮ್ಮ ಕೈಯಲ್ಲಿರಲಿ. ಮಾನಸಿಕ ಅಸ್ವಸ್ಥತೆ, ಕಲಿಕಾ ನ್ಯೂನತೆಯ ವಿಷಯದಲ್ಲಿ ಮನೆಯವರ, ಶಿಕ್ಷಕರ ಮಾತಿಗೆ ತೂಕವಿದೆ, ಅವರನ್ನು ಕರೆದೊಯ್ಯಿರಿ. ಈ ಪ್ರಮಾಣಪತ್ರ ದೇಶದಾದ್ಯಂತ ನಡೆಯುತ್ತದೆ. ಮುಂಬೈ, ಹೈದರಾಬಾದ್‌ನಲ್ಲಿ ಕೆಲಸಕ್ಕಿರುವ ಕನ್ನಡಿಗರು ಮತ್ತೆ ಹೊಸದಾಗಿ ಮಾಡಿಸಬೇಕಿಲ್ಲ.

ಅಂಗವೈಕಲ್ಯ ಇಲ್ಲವೆಂದು ವೈದ್ಯಕೀಯ ಪ್ರಾಧಿಕಾರ ತೀರ್ಮಾನಿಸಿದರೆ ಅದನ್ನು ಲಿಖಿತವಾಗಿ ತಿಳಿಸಬೇಕು ಎನ್ನುತ್ತದೆ 58ನೇ ಸೆಕ್ಷನ್. ಬಾಯಿಮಾತಿನ ನಿರಾಕರಣೆ ಕೇಳಿ ಎದ್ದು ಬರಬೇಡಿ. ಆ ಕಾಗದ ಕೈಯಲ್ಲಿದ್ದರೆ 59ನೇ ಸೆಕ್ಷನ್ನಿನಂತೆ ಮೇಲ್ಮನವಿ ಹೋಗಬಹುದು. ಸುಳ್ಳು ಹೇಳಿ ಸೌಲಭ್ಯ ಪಡೆದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ.

ಹಂತ 5: ನಲವತ್ತಕ್ಕಿಂತ ಕಡಿಮೆ ಬಂದರೆ

ಸರ್ಕಾರಿ ಉದ್ಯೋಗದ ಶೇ 4 ಮೀಸಲಾತಿ, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳ ಶೇ 5 ಸೀಟು, 6ರಿಂದ 18 ವರ್ಷದವರೆಗಿನ ಉಚಿತ ಶಿಕ್ಷಣದ ವಿಶೇಷ ಹಕ್ಕು, ಇವಕ್ಕೆ 40 ಬೇಕೇ ಬೇಕು. ಆದರೆ ತಾರತಮ್ಯದಿಂದ ರಕ್ಷಣೆಗೆ ಮತ್ತು ‘ಸೂಕ್ತ ಹೊಂದಾಣಿಕೆ’ (ಎಲ್ಲರಿಗೆ ಸಮನಾಗಿ ಪಾಲ್ಗೊಳ್ಳಲು ಬೇಕಾದ ಬದಲಾವಣೆ) ಕೇಳುವುದಕ್ಕೆ ಕಾಯ್ದೆಯಲ್ಲಿ ಈ ಗೆರೆ ಇಲ್ಲ. ಯುಡಿಐಡಿ ವ್ಯವಸ್ಥೆಯಲ್ಲೇ 40ಕ್ಕಿಂತ ಕಡಿಮೆ ಇರುವವರಿಗೆ ಬಿಳಿ, 40ರಿಂದ 80ರೊಳಗಿನವರಿಗೆ ಹಳದಿ, 80 ಮತ್ತು ಮೇಲ್ಪಟ್ಟವರಿಗೆ ನೀಲಿ ಪಟ್ಟಿಯ ಕಾರ್ಡ್ ಇದೆ. ನಲವತ್ತಕ್ಕಿಂತ ಕಡಿಮೆ ಇರುವವರು ಅಂಗವಿಕಲರೇ ಅಲ್ಲದಿದ್ದರೆ ಬಿಳಿ ಕಾರ್ಡ್ ಯಾರಿಗೆ?

2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ನೇರವಾಗಿ ಹೇಳಿತು. ಬರೆಯಲು ಹೊರಟರೆ ಬೆರಳುಗಳು ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಯೊಬ್ಬರು ನಾಗರಿಕ ಸೇವಾ ಪರೀಕ್ಷೆಗೆ ಲಿಪಿಕಾರರ, ಅಂದರೆ ಹೇಳಿದ ಉತ್ತರವನ್ನು ಬರೆದುಕೊಡುವವರ, ಸಹಾಯ ಕೇಳಿದ್ದರು. ವೈದ್ಯರು ಅವರ ಅಂಗವೈಕಲ್ಯವನ್ನು ಅಳೆದದ್ದು ಶೇ 6 ಎಂದು. 40 ಇಲ್ಲವೆಂಬ ಕಾರಣಕ್ಕೆ ಸಹಾಯ ನಿರಾಕರಿಸುವಂತಿಲ್ಲ ಎಂದು ನ್ಯಾಯಾಲಯ ತೀರ್ಪಿತ್ತಿತು. ಅದರ ಬೆನ್ನಿಗೆ, 2022ರ ಆಗಸ್ಟ್‌ನಲ್ಲಿ, ಬರೆಯಲು ಕಷ್ಟವಿರುವ ಆದರೆ 40 ಮುಟ್ಟದ ಅಭ್ಯರ್ಥಿಗಳಿಗೆಂದೇ ಕೇಂದ್ರ ಸರ್ಕಾರ ಮಾರ್ಗಸೂಚಿ ತಂದಿತು. ನಿಮ್ಮ ಮನೆಯಲ್ಲಿ ಇಂಥ ವಿದ್ಯಾರ್ಥಿ ಇದ್ದರೆ ಪರೀಕ್ಷೆಯ ಅರ್ಜಿ ತುಂಬುವಾಗಲೇ ಆ ತೀರ್ಪನ್ನೂ ಆಗ ಜಾರಿಯಲ್ಲಿರುವ ಮಾರ್ಗಸೂಚಿಯನ್ನೂ ಉಲ್ಲೇಖಿಸಿ ಕೋರಿಕೆ ಕೊಡಿ.

ನೌಕರಿಯಲ್ಲಿದ್ದಾಗ ಅಂಗವೈಕಲ್ಯ ಬಂದವರ ಪ್ರಶ್ನೆಯೂ ಇಲ್ಲೇ ಸೇರುತ್ತದೆ. ಸರ್ಕಾರಿ ನೌಕರರನ್ನು ಆ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯಲ್ಲಿ ಕೆಳಗಿಳಿಸುವಂತಿಲ್ಲ. ಹಳೆಯ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು ಎಂದು 20ನೇ ಸೆಕ್ಷನ್ ಹೇಳುತ್ತದೆ. ಸ್ವಯಂನಿವೃತ್ತಿ ಕೋರುವ ಪತ್ರಕ್ಕೆ ಸಹಿ ಹಾಕಿರೆಂದು ಮೇಲಧಿಕಾರಿ ಮುಂದಿಟ್ಟರೆ ಅದಕ್ಕೂ ಮೊದಲು ಈ ಸೆಕ್ಷನ್ ಓದಿ.

ಹೊಂದಾಣಿಕೆ ಕೇಳುವ ಪತ್ರ ಉದ್ದವಿರಬೇಕಿಲ್ಲ. ಮೊದಲ ಹಂತದ ಮೂರು ಸಂಗತಿ ಬರೆದು, ಬೇಕಾದದ್ದನ್ನು ಖಚಿತವಾಗಿ ಕೇಳಿ: ನೆಲಮಹಡಿಯಲ್ಲಿ ಆಸನ, ಹೆಚ್ಚುವರಿ ಸಮಯ, ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ, ರಕ್ತ ಹಾಕಿಸಿಕೊಳ್ಳುವ ದಿನ ರಜೆ. ಪತ್ರದ ಒಂದು ಪ್ರತಿಯ ಮೇಲೆ ದಿನಾಂಕ, ಸ್ವೀಕೃತಿಯ ಮುದ್ರೆ ಪಡೆಯಿರಿ. ಉತ್ತರ ಬರದಿದ್ದರೆ ಆ ಪ್ರತಿಯನ್ನೇ ಲಗತ್ತಿಸಿ ಬೆಂಗಳೂರಿನಲ್ಲಿರುವ ರಾಜ್ಯ ಅಂಗವಿಕಲರ ಅಧಿನಿಯಮದ ಆಯುಕ್ತರಿಗೆ ದೂರು ಕೊಡಬಹುದು.