ಈಜುಕೊಳದ ಹೆಸರುಗಳನ್ನು ಜನರ ಬಾಯಿಂದಲೇ ಪಡೆದೆವು: ನನ್ನ ಅನುಭವ

ಹೊಸ ಸಾರ್ವಜನಿಕ ಈಜು ಸಂಕೀರ್ಣದ ಒಳಗಿನ ಜಾಗಗಳಿಗೆ ಹೆಸರಿಡುವ ಕೆಲಸ ನನ್ನ ಪಾಲಿಗೆ ಬಂದಾಗ ಸಮಿತಿಯಲ್ಲಿ ಹೆಚ್ಚಿನವರದ್ದು ಒಂದೇ ಮಾತು: ಜನರನ್ನು ಕೇಳಿದರೆ ಕೆಲಸ ಕೆಡುತ್ತದೆ. ಎಲ್ಲರೂ 2016ರ ಆ ಹಡಗಿನ ಕಥೆ ತೆಗೆಯುತ್ತಿದ್ದರು. ಬ್ರಿಟನ್ನಿನ ಸಂಶೋಧನಾ ಹಡಗಿಗೆ ಆನ್‌ಲೈನ್‌ನಲ್ಲಿ ಹೆಸರು ಕೇಳಿದರು. 'ಬೋಟಿ ಮೆಕ್‌ಬೋಟ್‌ಫೇಸ್' ಅನ್ನುವ ತಮಾಷೆಯ ಹೆಸರು ಲಕ್ಷಕ್ಕೂ ಜಾಸ್ತಿ ಮತ ಪಡೆದು ಮೊದಲು ಬಂತು. ಕೊನೆಗೆ ಹಡಗಿಗೆ ಪ್ರಕೃತಿ ಸಾಕ್ಷ್ಯಚಿತ್ರಗಳ ಡೇವಿಡ್ ಅಟೆನ್‌ಬರೊ ಹೆಸರಿಟ್ಟರು, ಗೆದ್ದ ಹೆಸರು ಅದರ ಪುಟ್ಟ ಜಲಾಂತರ್ಗಾಮಿಗೆ ಹೋಯಿತು. ನನಗೆ ಆ ಕಥೆಯಲ್ಲಿ ಕಂಡದ್ದೇ ಬೇರೆ. ಮತ ಹಾಕಿದವರಲ್ಲಿ ಆ ಹಡಗು ಹತ್ತುವವರು ಎಷ್ಟು ಜನ? ಜಾಗ ಬಳಸುವವರನ್ನೇ, ಆ ಜಾಗದಲ್ಲೇ ನಿಲ್ಲಿಸಿ ಕೇಳಬೇಕು ಅಂತ ಆಗಲೇ ಹೇಳಿದ್ದೆ. ಈಗ ನಮ್ಮಲ್ಲಿ ಬರುವವರೆಲ್ಲ ಹಾಗೆ ಕೇಳಿ ಪಡೆದ ಹೆಸರುಗಳನ್ನೇ ಹೇಳುತ್ತಿದ್ದಾರೆ. ಬೇಡ ಅಂದಿದ್ದ ಸಮಿತಿಯವರೂ ಅದನ್ನೇ ಹೇಳುತ್ತಿದ್ದಾರೆ!

ಮೊದಲ ಸುತ್ತು ಮಾತ್ರ ಸಮಿತಿ ಹೇಳಿದಂತೆಯೇ ನಡೆಯಿತು. ಬಣ್ಣದ ಪುಸ್ತಿಕೆ, ಫಾರಂ, ಸಲಹೆ ಪೆಟ್ಟಿಗೆ. ಜನರನ್ನು ಕೇಳೋಕೆ ಇಟ್ಟಿದ್ದ ಹಣದಲ್ಲಿ ಹೆಚ್ಚುಕಮ್ಮಿ ಅರ್ಧ ಆ ಪುಸ್ತಿಕೆಗೇ ಹೋಯಿತು. ಬಂದದ್ದು ಸುಮಾರು 400 ಹೆಸರು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ದೊಡ್ಡವರ ಹೆಸರುಗಳು. ಉಳಿದವು ಬಹುಪಾಲು 'ಜಲ' ಅಂತಲೇ ಶುರುವಾಗುವವು: ಜಲಧಾರೆ, ಜಲತರಂಗ, ಜಲಸಿರಿ. ಕೇಳೋಕೆ ಚೆಂದ, ನಿಜ. ಆದರೆ ಮೂರನ್ನೂ ಅಕ್ಕಪಕ್ಕದ ಕೊಳಗಳಿಗೆ ಇಟ್ಟು ನೋಡಿ. ಯಾವುದು ಆಳದ್ದು, ಯಾವುದು ಕಲಿಯುವವರದ್ದು ಅಂತ ಯಾರಿಗೂ ನೆನಪಿರುವುದಿಲ್ಲ.

ಆಮೇಲೆ ನನ್ನ ದಾರಿ ಹಿಡಿದೆ. ಕಟ್ಟಡದ ಪಕ್ಕದ ಬಯಲಿನಲ್ಲಿ ಸುಣ್ಣದ ಪುಡಿಯಿಂದ ಇಡೀ ನಕ್ಷೆಯನ್ನು ನಿಜವಾದ ಅಳತೆಯಲ್ಲಿ ಎಳೆಸಿದೆ. 25 ಮೀಟರಿನ ದೊಡ್ಡ ಕೊಳ, ಕಲಿಕೆಯ ಕೊಳ, ಬೆಚ್ಚನೆ ನೀರಿನ ಕೊಳ, ಗ್ಯಾಲರಿ, ಬಟ್ಟೆ ಬದಲಿಸುವ ಕೋಣೆಗಳು, ಎಲ್ಲವೂ. ಖರ್ಚು ಪುಸ್ತಿಕೆಯ ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ. ಬಂದವರನ್ನು ಇಬ್ಬಿಬ್ಬರಾಗಿ ಕಳಿಸಿದೆವು. ಒಬ್ಬರು ಸುಣ್ಣದ ಗೆರೆಯೊಳಗೆ ಎಲ್ಲಾದರೂ ನಿಲ್ಲಬೇಕು. ಇನ್ನೊಬ್ಬರು ಹೊರಗಿನಿಂದ ಫೋನ್ ಮಾಡಿ "ಎಲ್ಲಿದ್ದೀಯಾ?" ಅಂತ ಕೇಳಬೇಕು. ಹೆಸರು ಅನ್ನುವ ಮಾತನ್ನೇ ನಾವು ಎತ್ತಲಿಲ್ಲ. ಅವರು ಫೋನಿನಲ್ಲಿ ಹೇಳಿದ್ದನ್ನು ಬರೆದುಕೊಂಡೆವು, ಅಷ್ಟೇ. ಆ ನಂತರ ಕೇಳುವ ಎರಡು ಪ್ರಶ್ನೆಗಳಿವೆ, ಅವನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಅಲ್ಲಿ ಸಿಕ್ಕಿದ್ದು ಫಾರಂನಲ್ಲಿ ಎಂದೂ ಸಿಗುತ್ತಿರಲಿಲ್ಲ. ನಕ್ಷೆಯಲ್ಲಿ ಕಲಿಕೆಯ ಕೊಳಕ್ಕೆ 'ಮಕ್ಕಳ ಕೊಳ' ಅಂತ ಬರೆದಿತ್ತು. ನಲವತ್ತು ದಾಟಿದ ಹೆಂಗಸೊಬ್ಬರು ಅದರ ಗೆರೆಯ ಹೊರಗೇ ನಿಂತರು. "ನನಗೂ ಈಜು ಕಲೀಬೇಕು. ಆದರೆ ಈ ಬೋರ್ಡ್ ಹಾಕಿದರೆ ನಾನು ಒಳಗೆ ಇಳಿಯಲ್ಲ" ಅಂದರು. ಅವರ ಹಿಂದಿದ್ದ ಮೂರ್ನಾಲ್ಕು ಜನ ತಲೆಯಾಡಿಸಿದರು. ಬೆಚ್ಚನೆಯ ಕೊಳದ್ದೂ ಇದೇ ಕಥೆ. ಅದರ ನೀರು 33ರಿಂದ 35 ಡಿಗ್ರಿ ಇರುತ್ತದೆ, ಮಂಡಿನೋವಿನವರು, ಆಪರೇಶನ್ ಆದವರು ಬರುತ್ತಾರೆ. ಕಾಗದದ ಮೇಲೆ ಅದು 'ಚಿಕಿತ್ಸಾ ಕೊಳ'. ಆದರೆ ರೋಗಿ ಅನ್ನಿಸಿಕೊಂಡು ನೀರಿಗಿಳಿಯಲು ಯಾರಿಗೂ ಇಷ್ಟವಿರಲಿಲ್ಲ. ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇಲ್ಲಿದೆ. ಬೋರ್ಡಿನ ಮೇಲಿನ ಎರಡು ಪದ ಒಬ್ಬರನ್ನು ಬಾಗಿಲಿನಿಂದಲೇ ವಾಪಸ್ ಕಳಿಸಬಹುದು.

ಆಳದ ದೊಡ್ಡ ಕೊಳಕ್ಕೆ 'ಮಡು', ಕಲಿಕೆಯ ಕೊಳಕ್ಕೆ 'ತೊರೆ', ಬೆಚ್ಚನೆಯದಕ್ಕೆ 'ಒರತೆ', ಗ್ಯಾಲರಿಗೆ 'ದಡ'. ಎಲ್ಲರಿಗೂ ಹಿಡಿಸಿದ್ದು ಇವು. ಆದರೆ ನನ್ನ ಜರಡಿ ಇನ್ನೂ ಬಾಕಿಯಿತ್ತು. ಕೊಳಗಳಿಗೆ ನೀರು ತುಂಬಿದ ಮೇಲೆ ಪಂಪ್ ಓಡಿಸಿ, ಲೈಫ್‌ಗಾರ್ಡ್ ಒಬ್ಬರನ್ನು ಒಂದು ತುದಿಯಲ್ಲಿ ನಿಲ್ಲಿಸಿ ಹೆಸರು ಕೂಗಿಸಿದೆ. ಇನ್ನೊಂದು ತುದಿಯಲ್ಲಿದ್ದವರು ಕೇಳಿದ್ದನ್ನು ಬರೆಯಬೇಕು. ಟೈಲ್ಸ್, ಗಾಜು, ನೀರು, ಎಲ್ಲವೂ ಸದ್ದನ್ನು ವಾಪಸ್ ಎಸೆಯುತ್ತವೆ. 'ತೊರೆ' ಮತ್ತು 'ಒರತೆ' ಕಲಸಿಹೋದವು. 'ಮಡು' ಅಂದರೆ ಕೆಲವರು 'ದಡ' ಅಂತ ಬರೆದರು. ವಾಕಿಟಾಕಿಯಲ್ಲಿ ಇನ್ನೂ ಕಷ್ಟ. ಯಾರೋ ಮುಳುಗುತ್ತಿರುವಾಗ ಲೈಫ್‌ಗಾರ್ಡ್ ಗ್ಯಾಲರಿಗೆ ಓಡಿಹೋದರೆ ಏನು ಗತಿ? ಹಾಗಾಗಿ ಒರತೆಯ ಬದಲು 'ಬಿಸಿಲು', ದಡದ ಬದಲು 'ಜಗಲಿ' ಬಂದವು. ಎರಡೂ ಜನರ ಪಟ್ಟಿಯಲ್ಲೇ ಕೆಳಗಿದ್ದವು. ದಡ ಹೋಯಿತಲ್ಲ ಅಂತ ಕೆಲವರಿಗೆ ಬೇಜಾರು. ಅವರನ್ನೇ ಕರೆದು ಕೂಗಿಸಿದೆ, ಒಪ್ಪಿಕೊಂಡರು. 'ಮಡು' ಅಂದರೆ ಹೆದರಿಕೆಯಾಗುತ್ತದೆ ಅಂತಲೂ ದೂರು ಬಂತು. ಈಜು ಬಾರದವರು ಅಲ್ಲಿ ಇಳಿಯುವ ಮೊದಲು ಸ್ವಲ್ಪ ಹೆದರಲಿ ಅಂತ ಲೈಫ್‌ಗಾರ್ಡ್‌ಗಳು ಪಟ್ಟು ಹಿಡಿದರು. ನಾನೂ ಅವರ ಪರವಾಗಿ ನಿಂತೆ.

ಇನ್ನೊಂದು ಪರೀಕ್ಷೆ ಕಣ್ಣಿನದ್ದು. ಕನ್ನಡಕದವರು ಅದನ್ನು ತೆಗೆದಿಟ್ಟೇ ನೀರಿಗೆ ಬರುತ್ತಾರೆ, ಅಲ್ವಾ? ಅಂಥವರನ್ನು ಸುಮಾರು 10 ಮೀಟರ್ ದೂರ ನಿಲ್ಲಿಸಿ ಓದಿಸಿದೆ. ಒತ್ತಕ್ಷರ ಇದ್ದ ಹೆಸರುಗಳು ಮಸಿ ಚೆಲ್ಲಿದ ಹಾಗೆ ಕಂಡವು. ಒತ್ತಿಲ್ಲದ ಎರಡು ಮೂರು ಅಕ್ಷರದವು ಸಲೀಸಾಗಿ ಓದಲು ಬಂದವು. ಕಡಿಮೆ ಅಕ್ಷರ ಇದ್ದರೆ ಅಷ್ಟೇ ದೊಡ್ಡ ಬೋರ್ಡಿನಲ್ಲಿ ಇನ್ನೂ ದಪ್ಪಗೆ ಬರೆಯಬಹುದು.

ಮತ ಹಾಕಿಸುವಾಗ ಒಂದೇ ಹೆಸರಿಗೆ ಗುರುತು ಹಾಕಿ ಅನ್ನಲಿಲ್ಲ. ಒಪ್ಪಿಗೆ ಇರುವ ಎಲ್ಲಕ್ಕೂ ಟಿಕ್, ಖಂಡಿತ ಬೇಡ ಅನ್ನಿಸಿದ್ದಕ್ಕೆ ಅಡ್ಡಗೆರೆ. ಗುಂಪು ಕಟ್ಟಿಕೊಂಡು ಬಂದವರ ಆಟ ಇದರಲ್ಲಿ ಅಷ್ಟು ಸುಲಭವಾಗಿ ನಡೆಯುವುದಿಲ್ಲ. ಹಾಳೆಯಲ್ಲಿ ಹೆಸರುಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಅನ್ನುವುದಕ್ಕೂ ಒಂದು ಉಪಾಯ ಇದೆ, ಅದು ಬೇಕಾದವರಿಗೆ ಎದುರಿಗೆ ಸಿಕ್ಕಾಗ ಹೇಳುತ್ತೇನೆ. ತುರ್ತು ಬಾಗಿಲು, ಪ್ರಥಮ ಚಿಕಿತ್ಸೆ ಕೋಣೆ, ಶೌಚಾಲಯ, ಇವುಗಳ ಹೆಸರು ಚರ್ಚೆಗಿಲ್ಲ ಅಂತ ಮೊದಲ ದಿನವೇ ಹೇಳಿದ್ದೆ. ದಾನಿಯೊಬ್ಬರು ದೊಡ್ಡ ಕೊಳಕ್ಕೆ ತಮ್ಮ ಮನೆತನದ ಹೆಸರು ಕೇಳಿದ್ದರು. ಅದು ಮುಂಬಾಗಿಲ ಫಲಕಕ್ಕೆ ಹೋಯಿತು, ಅವರ ದಾನದ ಹಣವೂ ಕೈತಪ್ಪಲಿಲ್ಲ.

ನಡುವೆ ಬಟ್ಟೆ ಬದಲಿಸುವ ಕೋಣೆಗಳಿಗೆ ಹೆಸರಿನ ಬದಲು ಬಣ್ಣ ಕೊಟ್ಟು ನೋಡಿದೆವು. ಹಸಿರು ಯಾವುದು, ನೀಲಿ ಯಾವುದು ಅಂತ ಸಂಜೆಯ ದೀಪದಲ್ಲಿ ಜಗಳವೇ ಶುರುವಾಯಿತು. ಕೆಂಪು ಹಸಿರು ಗುರುತಿಸಲಾಗದವರೂ ಇರುತ್ತಾರೆ. ಮೀನಿನ ಚಿತ್ರ ಹಾಕಿದೆವು. ಮಕ್ಕಳಿಗೆ ಎಲ್ಲ ಮೀನೂ ಒಂದೇ! ಆಮೆ, ಏಡಿ, ಕಪ್ಪೆ ಬಂದ ಮೇಲೆ ಓದು ಬಾರದ ಪುಟಾಣಿಗಳೂ ತಮ್ಮ ಲಾಕರ್ ಸಾಲಿಗೆ ತಾವೇ ಹೋಗುತ್ತಿದ್ದಾರೆ.

ಪಕ್ಕಾ ಬೋರ್ಡುಗಳಿಗೆ ಮೊದಲು ಲ್ಯಾಮಿನೇಟ್ ಮಾಡಿದ ಕಾಗದದ್ದನ್ನೇ ಕೆಲವು ವಾರ ಅಂಟಿಸಿದ್ದೆ. ಅವುಗಳಲ್ಲಿ ಅರ್ಧದಷ್ಟನ್ನು ಬೇರೆ ಜಾಗಕ್ಕೆ ಬದಲಿಸಬೇಕಾಯಿತು. ಪಕ್ಕಾ ಬೋರ್ಡು ಮೊದಲೇ ಮಾಡಿಸಿದ್ದರೆ ಬೋರ್ಡಿನ ಹಣದಲ್ಲಿ ಮೂರನೇ ಒಂದು ಪಾಲು ದಂಡವಾಗುತ್ತಿತ್ತು. ವಾಸ್ತುಶಿಲ್ಪಿಗೆ ನೀರಿನ ಮೇಲೆ ಸ್ಟೀಲ್ ತಂತಿಯಲ್ಲಿ ಬೋರ್ಡ್ ತೂಗುಹಾಕುವ ಆಸೆ. ನಾನು ಬಿಲ್‌ಕುಲ್ ಒಪ್ಪಲಿಲ್ಲ. 1985ರಲ್ಲಿ ಸ್ವಿಟ್ಜರ್ಲೆಂಡಿನ ಊಸ್ಟರ್‌ನಲ್ಲಿ ಈಜುಕೊಳದ ಕಾಂಕ್ರೀಟ್ ಒಳಛಾವಣಿ ಕುಸಿದು 12 ಜನ ಸತ್ತರು. ಅದನ್ನು ಹಿಡಿದಿದ್ದ ಸ್ಟೇನ್‌ಲೆಸ್ ಸ್ಟೀಲ್ ಸರಳುಗಳನ್ನು ಕೊಳದ ಕ್ಲೋರಿನ್ ಗಾಳಿ ತಿಂದುಹಾಕಿತ್ತು. ನಮ್ಮ ಬೋರ್ಡುಗಳೆಲ್ಲ ಪ್ಲಾಸ್ಟಿಕ್‌ನವು, ಗೋಡೆಗೆ ಕೂತಿವೆ, ಹೆಸರಿನ ಕೆಳಗೆ ಆಳದ ಅಂಕಿ ಇದೆ.

ಒಂದು ಕೋಣೆಗೆ ಮಾತ್ರ ಹೆಸರು ಇನ್ನೂ ಕೂತಿಲ್ಲ. ಗಾಲಿಕುರ್ಚಿಯವರು, ಕೂಸು ಹೊತ್ತ ಅಪ್ಪ ಅಮ್ಮ, ವಯಸ್ಸಾದವರ ಜೊತೆ ಬಂದವರು, ಎಲ್ಲರೂ ಬಳಸುವ ದೊಡ್ಡ ಕೋಣೆ ಅದು. 'ಅಂಗವಿಕಲರ ಕೋಣೆ' ಅಂದರೆ ಉಳಿದವರು ಹಿಂಜರಿಯುತ್ತಾರೆ, 'ಕುಟುಂಬ ಕೋಣೆ' ಅಂದರೆ ಒಬ್ಬರೇ ಬರುವ ಗಾಲಿಕುರ್ಚಿಯವರು ಇದು ತಮ್ಮದಲ್ಲ ಅಂದುಕೊಳ್ಳುತ್ತಾರೆ. ಸದ್ಯಕ್ಕೆ ಅಲ್ಲಿ ಕಾಗದದ ಬೋರ್ಡಿದೆ. ಅದರ ಕೆಳಗೆ ಪೆನ್ನು ಕಟ್ಟಿಟ್ಟಿದ್ದೇವೆ, ಬಳಸುವವರು ಬರೆಯುತ್ತಿದ್ದಾರೆ.