ಕೊನೆಯ ನಲ್ಲಿಯಿಂದ ಶುರು ಮಾಡಿ: ಸಣ್ಣ ಊರಿನ ಕುಡಿಯುವ ನೀರು ಕಾಯುವ ಕ್ರಮ

ಟ್ಯಾಂಕಿನ ಬುಡದಲ್ಲಿ ಒಂದು ಲೋಟ ನೀರು ಹಿಡಿದು, ಪರೀಕ್ಷೆ ಮಾಡಿ, ‘ಚೆನ್ನಾಗಿದೆ’ ಎಂದು ಪುಸ್ತಕದಲ್ಲಿ ಬರೆಯುವುದು ಸುಲಭ. ಆ ನೀರು ಅಲ್ಲಿಂದ ಹೊರಟು, ಚರಂಡಿ ಪಕ್ಕ ಹಾದು, ಹತ್ತಾರು ಜೋಡಣೆ ದಾಟಿ ಕೊನೆಯ ಮನೆಗೆ ಮುಟ್ಟುವಷ್ಟರಲ್ಲಿ ಏನಾಗಿದೆ ಎಂಬುದು ಆ ಲೋಟದಿಂದ ಗೊತ್ತಾಗುವುದಿಲ್ಲ. ಮೂಲದಲ್ಲಿ ಶುದ್ಧವಾಗಿದ್ದ ನೀರು ಎಷ್ಟೋ ಸಲ ಕೆಡುವುದು ಈ ದಾರಿಯಲ್ಲೇ. ಹಾಗಾಗಿ ಪರೀಕ್ಷೆಯನ್ನು ಟ್ಯಾಂಕಿಗೆ ಅತಿ ದೂರದ ನಲ್ಲಿಯಲ್ಲಿ ಶುರು ಮಾಡಿ, ಹಿಂದಕ್ಕೆ ಬನ್ನಿ.

ಅಲ್ಲಿ ನೋಡಬೇಕಾದದ್ದು ಉಳಿಕೆ ಕ್ಲೋರಿನ್. ನೀರಿಗೆ ಹಾಕಿದ ಕ್ಲೋರಿನ್‌ನ ಒಂದು ಪಾಲು ರೋಗಾಣು, ಕಬ್ಬಿಣದ ಅಂಶ, ಪೈಪಿನ ಒಳಗಿನ ಲೋಳೆ ಇವುಗಳಿಗೇ ಖರ್ಚಾಗುತ್ತದೆ. ಖರ್ಚಾಗಿ ಮಿಕ್ಕಿದ್ದು ಉಳಿಕೆ. ದಾರಿಯಲ್ಲಿ ಹೊಸದಾಗಿ ಕೊಳೆ ನುಗ್ಗಿದರೆ ಎದುರಿಸುವುದು ಅದೊಂದೇ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ, ಪಿಎಚ್ (ಹುಳಿ-ಕ್ಷಾರದ ಅಳತೆ) 8ಕ್ಕಿಂತ ಕಡಿಮೆ ಇರುವ ನೀರಿಗೆ ಕ್ಲೋರಿನ್ ಬೆರೆಸಿ ಕನಿಷ್ಠ 30 ನಿಮಿಷ ಬಿಟ್ಟ ಮೇಲೆ ಲೀಟರಿಗೆ 0.5 ಮಿ.ಗ್ರಾಂ ಉಳಿಕೆ ಇರಬೇಕು. ಮನೆಯ ನಲ್ಲಿಗೆ ಬರುವಾಗ 0.2ಕ್ಕಿಂತ ಕೆಳಗೆ ಇಳಿಯಬಾರದು. ಮೇಲಿನ ಮಿತಿ 5 ಮಿ.ಗ್ರಾಂ. ಆದರೆ ಅಷ್ಟು ದೂರ ಹೋಗುವ ಮೊದಲೇ ಜನ ವಾಸನೆ ಎಂದು ನಲ್ಲಿ ನೀರು ಬಿಟ್ಟು ಬೇರೆಡೆಯ ನೀರು ಕುಡಿಯತೊಡಗುತ್ತಾರೆ, ಅದು ಇನ್ನೂ ಅಪಾಯ. ಕೊನೆಯ ನಲ್ಲಿಯಲ್ಲಿ 0.2ರಿಂದ 0.5ರ ನಡುವೆ ನಿಲ್ಲಿಸುವುದೇ ಗುರಿ.

ಮೊದಲು ನೀರು ತಿಳಿಯಾಗಿರಬೇಕು

ಕದಡಿದ ನೀರಿಗೆ ಎಷ್ಟು ಕ್ಲೋರಿನ್ ಸುರಿದರೂ ಪ್ರಯೋಜನ ಕಡಿಮೆ. ಮಣ್ಣಿನ ಕಣದ ಮರೆಯಲ್ಲಿ ರೋಗಾಣು ಉಳಿದುಕೊಳ್ಳುತ್ತದೆ, ಕ್ಲೋರಿನ್ ಮಣ್ಣಿನ ಜೊತೆಗೇ ಮುಗಿದುಹೋಗುತ್ತದೆ. ಕದಡನ್ನು ಎನ್‌ಟಿಯು ಎಂಬ ಅಳತೆಯಲ್ಲಿ ಹೇಳುತ್ತಾರೆ: ಕ್ಲೋರಿನ್ ಹಾಕುವ ಮುನ್ನ 1 ಎನ್‌ಟಿಯು ಒಳಗಿದ್ದರೆ ಉತ್ತಮ, 5 ದಾಟಿದರೆ ಮೊದಲು ಸೋಸುವ ಅಥವಾ ತಂಗಿಸಿ ತಿಳಿಮಾಡುವ ವ್ಯವಸ್ಥೆ ಬೇಕು. ಕ್ರಿಪ್ಟೋಸ್ಪೊರಿಡಿಯಮ್ ಎಂಬ ಪರಾವಲಂಬಿಯಂತೂ ಕುಡಿಯುವ ನೀರಿಗೆ ಹಾಕುವ ಪ್ರಮಾಣದ ಕ್ಲೋರಿನ್‌ಗೆ ಜಗ್ಗುವುದೇ ಇಲ್ಲ. ಕೆರೆ, ಹೊಳೆಯ ನೀರು ಬಳಸುವವರಿಗೆ ಸೋಸುವುದು ತಪ್ಪದು.

ಟ್ಯಾಂಕ್ ತೊಳೆಯುವಾಗ ತಳದ ಹೂಳನ್ನು ಹೊರಹಾಕುವ ಪೈಪು ಬೇರೆಯೇ ಇರಬೇಕು, ಊರಿಗೆ ಹೋಗುವ ಪೈಪಿನ ಬಾಯಿ ತಳದಿಂದ ಸುಮಾರು 10 ಸೆಂ.ಮೀ. ಮೇಲಿರಬೇಕು. ಇಲ್ಲದಿದ್ದರೆ ನೀರು ತಗ್ಗಿದಾಗಲೆಲ್ಲ ಹೂಳು ಮನೆಮನೆಗೆ ಹೋಗುತ್ತದೆ. ಬ್ರಷ್‌ನಿಂದ ಉಜ್ಜಿ ತೊಳೆದ ಮೇಲೆ, 10 ಲೀಟರ್ ನೀರಿಗೆ 30% ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ 7 ಗ್ರಾಂ ಲೆಕ್ಕದಲ್ಲಿ ಕಲಸಿದ ದ್ರಾವಣವನ್ನು (ಲೀಟರಿಗೆ ಸುಮಾರು 200 ಮಿ.ಗ್ರಾಂ ಕ್ಲೋರಿನ್) ಗೋಡೆ, ತಳ, ಮುಚ್ಚಳದ ಒಳಮೈಗೆಲ್ಲ ಬಳಿದು, 30 ನಿಮಿಷ ಹಸಿಯಾಗಿಯೇ ಬಿಟ್ಟು ತೊಳೆಯಿರಿ. ತೊಳೆದ ನೀರನ್ನು ಕೆರೆಗೆ ಬಿಡಬೇಡಿ, ಮೀನು ಸಾಯುತ್ತದೆ.

ಟ್ಯಾಂಕಿನೊಳಗೆ ಒಬ್ಬರೇ ಇಳಿಯಲೇಬಾರದು. ಮುಚ್ಚಿದ ಟ್ಯಾಂಕಿನಲ್ಲಿ ಕ್ಲೋರಿನ್ ಹೊಗೆ ಸೇರಿಕೊಳ್ಳುತ್ತದೆ, ಉಸಿರುಗಟ್ಟಿ ಬಿದ್ದವರನ್ನು ಎತ್ತಲು ಹೋದವರೂ ಬೀಳುತ್ತಾರೆ. ಮುಚ್ಚಳ ಪೂರ್ತಿ ತೆರೆದು ಗಾಳಿಯಾಡಲು ಬಿಟ್ಟು, ಇಳಿದವರ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಒಬ್ಬರು ಅಲ್ಲಾಡದೆ ನಿಂತಿರಬೇಕು. ಕೆಲಸ ಮುಗಿದ ಮೇಲೆ ಮುಚ್ಚಳ ಅಂಚಿನ ಮೇಲಿಂದ ಇಳಿಯುವಂತೆ ಕೂರಲಿ. ಗಾಳಿ ಪೈಪು, ತುಂಬಿ ಹರಿಯುವ ಪೈಪು ಎರಡಕ್ಕೂ ಸಣ್ಣ ಕಣ್ಣಿನ ಜಾಲರಿ ಇರಲಿ.

ಎಷ್ಟು ಹಾಕಬೇಕು

ಒಂದು ಊರಿನ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ. ನಿಮ್ಮ ನೀರನ್ನೇ ಕೇಳಬೇಕು. ಮೊದಲು 1% ದ್ರಾವಣ ಮಾಡಿಕೊಳ್ಳಿ: 30% ಪೌಡರ್ 33 ಗ್ರಾಂ, ನೀರು 1 ಲೀಟರ್. ಪೌಡರನ್ನು ಪ್ಲಾಸ್ಟಿಕ್ ಪಾತ್ರೆಯಲ್ಲಿ ಸ್ವಲ್ಪ ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಗಂಟಿಲ್ಲದಂತೆ ಕಲಸಿ, ಆಮೇಲೆ ಉಳಿದ ನೀರು ಸೇರಿಸಿ. ಅರ್ಧದಿಂದ ಒಂದು ಗಂಟೆ ಅಲ್ಲಾಡಿಸದೆ ಬಿಟ್ಟರೆ ಬಿಳಿ ಸುಣ್ಣದ ಗಷ್ಟು ಕೆಳಗೆ ಕೂತು, ಮೇಲೆ ತೆಳು ಹಸಿರು-ಹಳದಿ ಛಾಯೆಯ ತಿಳಿ ನಿಲ್ಲುತ್ತದೆ. ಬೇಕಾದದ್ದು ಆ ತಿಳಿ ಮಾತ್ರ, ನಿಧಾನವಾಗಿ ಬಸಿದುಕೊಳ್ಳಿ. ಕೈಗವಸು, ಕನ್ನಡಕ ಹಾಕಿಕೊಂಡು, ಬಯಲಿನಲ್ಲಿ ಗಾಳಿಗೆ ಬೆನ್ನು ಮಾಡಿ ನಿಂತು ಈ ಕೆಲಸ ಮಾಡಿ. ಆಸಿಡ್‌ನ ಹತ್ತಿರ ಬೇಡ, ವಿಷದ ಗಾಳಿ ಏಳುತ್ತದೆ. ಬೇರೆ ಬಗೆಯ ಕ್ಲೋರಿನ್ ಮಾತ್ರೆಯೊಂದಿಗೂ ಬೆರೆಸಬೇಡಿ, ಬೆಂಕಿ ಹತ್ತಬಹುದು.

ಈಗ ನಾಲ್ಕು ಬಕೆಟ್‌ಗಳಲ್ಲಿ ತಲಾ 20 ಲೀಟರ್, ಟ್ಯಾಂಕಿಗೆ ಬರುವ ಕಚ್ಚಾ ನೀರು ತುಂಬಿ. ಸಿರಿಂಜ್‌ನಿಂದ ಒಂದಕ್ಕೆ 1 ಮಿ.ಲೀ., ಇನ್ನೊಂದಕ್ಕೆ 2, ಆಮೇಲೆ 3, 4 ಮಿ.ಲೀ. ದ್ರಾವಣ ಹಾಕಿ. 20 ಲೀಟರಿಗೆ 1 ಮಿ.ಲೀ. ಎಂದರೆ ಲೀಟರಿಗೆ 0.5 ಮಿ.ಗ್ರಾಂ. ಕಲಕಿ, ಮುಚ್ಚಿ, ನೆರಳಿನಲ್ಲಿ 30 ನಿಮಿಷ ಇಟ್ಟು ಉಳಿಕೆ ಅಳೆಯಿರಿ (ಅಳೆಯುವ ಡಿಪಿಡಿ ಪರೀಕ್ಷೆ ಮುಂದೆ ಇದೆ). 3 ಮಿ.ಲೀ. ಹಾಕಿದ ಬಕೆಟ್‌ನಲ್ಲಿ 0.5 ಸಿಕ್ಕಿತೆನ್ನಿ. ಅಂದರೆ ಈ ನೀರಿಗೆ ಲೀಟರಿಗೆ 1.5 ಮಿ.ಗ್ರಾಂ ಬೇಕು. 10,000 ಲೀಟರ್ ಟ್ಯಾಂಕಿಗೆ 15 ಗ್ರಾಂ ಕ್ಲೋರಿನ್, ಅಂದರೆ 30% ಪೌಡರ್ 50 ಗ್ರಾಂ, ಇಲ್ಲವೇ 1% ದ್ರಾವಣ ಒಂದೂವರೆ ಲೀಟರ್. ಪೈಪು ಉದ್ದವಿದ್ದು ಕೊನೆಯಲ್ಲಿ 0.2 ಉಳಿಯದಿದ್ದರೆ ಸ್ವಲ್ಪ ಸ್ವಲ್ಪವೇ ಏರಿಸಿ. ನಾಲ್ಕು ಬಕೆಟ್‌ನಲ್ಲೂ ಸೊನ್ನೆ ಬಂದರೆ ಪ್ರಮಾಣ ಏರಿಸುವುದಕ್ಕೆ ಮೊದಲು ಎರಡು ಅನುಮಾನ ಬಗೆಹರಿಸಿಕೊಳ್ಳಿ: ಪೌಡರ್ ಸತ್ತಿದೆಯೇ, ನೀರಿನ ಮೂಲಕ್ಕೆ ಕೊಳಚೆ ಸೇರಿದೆಯೇ.

ಪೌಡರ್ ಸಾಯುವುದು ಬಹಳ ಸಾಮಾನ್ಯ. ಹೊಸದಾಗಿದ್ದಾಗ 30ರಿಂದ 35% ಇರುವ ಕ್ಲೋರಿನ್, ಬಾಯಿ ತೆರೆದ ಚೀಲದಲ್ಲಿ, ಬಿಸಿಲು-ತೇವಕ್ಕೆ ಸಿಕ್ಕಿ ಕುಸಿಯುತ್ತದೆ. ಗಂಟುಕಟ್ಟಿ, ಘಾಟು ಹೊಡೆಯದಿದ್ದರೆ ಅದನ್ನು ನಂಬಬೇಡಿ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ, ತಂಪು ಕತ್ತಲಲ್ಲಿ, ಪಂಪಿನ ಮೋಟರಿನಿಂದ ದೂರ ಇಡಿ. ಪೌಡರಿನ ಗಾಳಿಗೆ ಲೋಹ ತುಕ್ಕು ಹಿಡಿಯುತ್ತದೆ.

ಹಾಕುವ ರೀತಿ

ತುಂಬಿದ ಟ್ಯಾಂಕಿಗೆ ಮೇಲಿಂದ ಪೌಡರ್ ಎರಚುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಗಂಟುಗಳು ತಳ ಸೇರಿ, ಮೊದಲ ಬೀದಿಗೆ ಮೂಗು ಮುಚ್ಚುವಷ್ಟು, ಕೊನೆಯ ಬೀದಿಗೆ ಏನೂ ಇಲ್ಲ. ಟ್ಯಾಂಕ್ ಮೂರನೇ ಒಂದು ಭಾಗ ತುಂಬಿದಾಗ, ನೀರು ಬೀಳುವ ಜಾಗದಲ್ಲೇ ತಿಳಿಯನ್ನು ಸುರಿದರೆ ಬೀಳುವ ನೀರೇ ಕಲಕುತ್ತದೆ. ತುಂಬಿದ ಮೇಲೆ 30 ನಿಮಿಷ ವಾಲ್ವ್ ತೆಗೆಯಬೇಡಿ. ದಿನಕ್ಕೆ ಮೂರು ಸಲ ತುಂಬುವ ಟ್ಯಾಂಕಿಗೆ ಬೆಳಿಗ್ಗೆ ಒಂದೇ ಸಲ ಹಾಕಿದರೆ ಉಳಿದೆರಡು ಸಲದ ನೀರು ಬರಿಯ ನೀರು.

ಇದಕ್ಕೆ ತೊಟ್ಟಿಕ್ಕುವ ಡಬ್ಬ ಒಳ್ಳೆಯ ಉಪಾಯ. ಗಂಟೆಗೆ 5,000 ಲೀಟರ್ ಬರುವ ಪೈಪಿಗೆ ಲೀಟರಿಗೆ 1.5 ಮಿ.ಗ್ರಾಂ ಬೇಕಾದರೆ, 1% ದ್ರಾವಣ ಗಂಟೆಗೆ 750 ಮಿ.ಲೀ., ನಿಮಿಷಕ್ಕೆ 12.5 ಮಿ.ಲೀ. ಬೀಳಬೇಕು. ಅಳತೆ ಕೊಳವೆ ಹಿಡಿದು, ಗಡಿಯಾರ ನೋಡಿ ಒಂದು ನಿಮಿಷ ಹಿಡಿಯಿರಿ. ಇದು ಎರಡು ಕಾರಣಕ್ಕೆ ಕೆಡುತ್ತದೆ. ಗಷ್ಟು ಬೆರೆತ ದ್ರಾವಣ ಹಾಕಿದರೆ ತೂತು ಕಟ್ಟುತ್ತದೆ. ಡಬ್ಬ ಖಾಲಿಯಾಗುತ್ತಾ ಒತ್ತಡ ತಗ್ಗಿ ತೊಟ್ಟಿಕ್ಕುವುದೂ ನಿಧಾನವಾಗುತ್ತದೆ. ದ್ರಾವಣ ಎಳೆಯುವ ಕೊಳವೆಯ ಬಾಯಿಯನ್ನು ತೇಲುವ ಥರ್ಮಾಕೋಲ್ ತುಂಡಿಗೆ ಕಟ್ಟಿ, ಮೇಲ್ಮೈಯಿಂದ ಒಂದೇ ಆಳದಲ್ಲಿರುವಂತೆ ಮಾಡಿದರೆ ಎರಡನೆಯ ತೊಂದರೆ ನೀಗುತ್ತದೆ.

ಡಿಪಿಡಿ ಪರೀಕ್ಷೆಯಲ್ಲಿ ಎಡವುವ ಜಾಗ

ಡಿಪಿಡಿ ಎಂದರೆ ಕ್ಲೋರಿನ್ ತಾಕಿದರೆ ಗುಲಾಬಿ ಬಣ್ಣ ಕೊಡುವ ರಾಸಾಯನಿಕ. ಗಾಜಿನ ಕೊಳವೆಯನ್ನು ಪರೀಕ್ಷಿಸುವ ನೀರಿನಲ್ಲೇ ಎರಡು ಸಲ ಕಲಕಿ ಚೆಲ್ಲಿ, 10 ಮಿ.ಲೀ. ಗೆರೆಯವರೆಗೆ ತುಂಬಿ, ಡಿಪಿಡಿ 1 ಮಾತ್ರೆಯನ್ನು ಬೆರಳು ತಾಕಿಸದೆ ಹಾಕಿ ಕರಗಿಸಿ. ನೀರು ಗುಲಾಬಿಯಾಗುತ್ತದೆ. ಹಗಲು ಬೆಳಕಿನಲ್ಲಿ, ನೇರ ಬಿಸಿಲು ಬೀಳದ ಕಡೆ ಬಣ್ಣದ ಪಟ್ಟಿಗೆ ಹೋಲಿಸಿ, ಒಂದು ನಿಮಿಷದೊಳಗೆ ಓದಿ. ತಡವಾದರೆ ಬಣ್ಣ ತಾನಾಗಿ ಏರಿ ಸುಳ್ಳು ಹೇಳುತ್ತದೆ. ಇನ್ನೊಂದು ಮೋಸ: ಮಾತ್ರೆ ಹಾಕಿದೊಡನೆ ಗುಲಾಬಿ ಮಿಂಚಿ ಮಾಯವಾದರೆ ಕ್ಲೋರಿನ್ ಇಲ್ಲ ಎಂದುಕೊಳ್ಳಬೇಡಿ. ತೀರಾ ಜಾಸ್ತಿಯಾದಾಗ ಕ್ಲೋರಿನ್ ಆ ಬಣ್ಣವನ್ನೇ ಅಳಿಸಿಬಿಡುತ್ತದೆ. 1 ಮಿ.ಲೀ. ನೀರಿಗೆ ಕ್ಲೋರಿನ್ ಇಲ್ಲದ ಶುದ್ಧ ನೀರು 9 ಮಿ.ಲೀ. ಸೇರಿಸಿ ಮತ್ತೆ ನೋಡಿ, ಬಂದ ಅಂಕಿಯನ್ನು ಹತ್ತರಿಂದ ಗುಣಿಸಿ.

ಮೊದಲ ಓದಿನ ನಂತರ ಅದೇ ಕೊಳವೆಗೆ ಡಿಪಿಡಿ 3 ಹಾಕಿದರೆ ಒಟ್ಟು ಕ್ಲೋರಿನ್ ಸಿಗುತ್ತದೆ. ಒಟ್ಟು ಹೆಚ್ಚಿದ್ದು ಮುಕ್ತ ಕ್ಲೋರಿನ್ (ಯಾವುದಕ್ಕೂ ಕೂಡಿಕೊಳ್ಳದ್ದು, ಡಿಪಿಡಿ 1 ತೋರಿಸುವುದು) ತೀರಾ ಕಡಿಮೆ ಇದ್ದರೆ ನೀರಿನಲ್ಲಿ ಅಮೋನಿಯ ಇರಬಹುದು, ಕೊಳಚೆಯ ಜಾಡು ಹುಡುಕಿ. ಘಾಟು ವಾಸನೆ ಎಷ್ಟೋ ಸಲ ಹೀಗೆ ಅಮೋನಿಯದೊಂದಿಗೆ ಕೂಡಿಕೊಂಡ ಕ್ಲೋರಿನ್‌ನದು. ‘ವಾಸನೆ ಬರುತ್ತಿದೆ, ಸಾಕು’ ಎಂದು ಮೂಗನ್ನು ನಂಬಬಾರದು.

ಉಳಿಕೆ ಎಲ್ಲಿ ಬೀಳುತ್ತಿದೆ

ಟ್ಯಾಂಕಿನ ಹೊರದಾರಿ, ಊರ ನಡು, ಪ್ರತಿ ಸಾಲಿನ ಕೊನೆ: ಇಷ್ಟೂ ಕಡೆ ಒಂದೇ ಹೊತ್ತಿನಲ್ಲಿ ಅಳೆದು ಅಂಕಿಗಳನ್ನು ನಕ್ಷೆಯ ಮೇಲೆ ಬರೆಯಿರಿ. 0.6, 0.5, 0.35, 0.25 ಹೀಗೆ ಮೆಲ್ಲಗೆ ಇಳಿದರೆ ಅದು ದಾರಿ ಖರ್ಚು. 0.5 ಇದ್ದದ್ದು ಮುಂದಿನ ನಲ್ಲಿಯಲ್ಲಿ ಸೊನ್ನೆಯಾದರೆ ಆ ಎರಡು ನಲ್ಲಿಗಳ ನಡುವೆ ಏನೋ ಒಳಗೆ ನುಗ್ಗುತ್ತಿದೆ. ಆ ಉದ್ದವನ್ನು ಕಾಲ್ನಡಿಗೆಯಲ್ಲೇ ನೋಡಿ.

ದಿನಕ್ಕೆ ಕೆಲವೇ ಗಂಟೆ ನೀರು ಬಿಡುವ ಊರಿನಲ್ಲಿ ವಾಲ್ವ್ ತೆರೆದೊಡನೆ ಬಂದ ನೀರನ್ನೂ, ಹದಿನೈದು ನಿಮಿಷದ ನಂತರದ್ದನ್ನೂ ಬೇರೆ ಬೇರೆ ಅಳೆಯಿರಿ. ಮೊದಲಿನದು ಕಲಕಾಗಿ ಸೊನ್ನೆ ತೋರಿಸಿ ಆಮೇಲಿನದು ಸರಿಯಿದ್ದರೆ, ಪೈಪು ಖಾಲಿಯಾದಾಗ ಸುತ್ತಲಿನ ಕೊಳೆಯನ್ನು ಹೀರಿಕೊಳ್ಳುತ್ತಿರಬಹುದು. ಸೋರುವ ಜೋಡಣೆಯಿಂದ ಒತ್ತಡವಿದ್ದಾಗ ನೀರು ಹೊರಗೆ ಬರುತ್ತದೆ, ಒತ್ತಡ ಹೋದಾಗ ಹೊರಗಿನದು ಒಳಗೆ ಹೋಗುತ್ತದೆ. ಸೋರಿಕೆಯನ್ನು ನೀರು ಪೋಲಾಗುವ ಸಮಸ್ಯೆಯೆಂದಷ್ಟೇ ಕಾಣುವುದು ತಪ್ಪು. ಅದು ಕಾಯಿಲೆ ಬರುವ ಬಾಗಿಲು.

ಹುಡುಕಬೇಕಾದ ಜಾಗಗಳಲ್ಲಿ ಮೊದಲನೆಯದು ವಾಲ್ವ್ ಗುಂಡಿ. ಅದರಲ್ಲಿ ಕಪ್ಪು ನೀರು ನಿಂತು ವಾಲ್ವ್ ಮುಳುಗಿದ್ದರೆ, ಗುಂಡಿ ಬತ್ತಿಸಿ, ವಾಲ್ವ್ ಕತ್ತಿನ ಪ್ಯಾಕಿಂಗ್ ಬದಲಿಸಿ, ನೀರು ನಿಲ್ಲದಂತೆ ದಾರಿ ಮಾಡಿ. ಚರಂಡಿಯೊಳಗೇ ಹಾದುಹೋದ ಮನೆಯ ಸಂಪರ್ಕಗಳನ್ನು ಎತ್ತಿ ಮೇಲಿನಿಂದ ಹಾಕಿಸಿ. ಹೊಸ ಪೈಪು ಹೂಳುವಾಗ ಕೊಳಚೆ ಪೈಪಿನಿಂದ ಅಡ್ಡಕ್ಕೆ 3 ಮೀಟರ್ ದೂರ, ದಾಟುವ ಕಡೆ ಅದಕ್ಕಿಂತ 45 ಸೆಂ.ಮೀ. ಮೇಲೆ ಇರಲಿ. ಸಾಲಿಗೆ ನೇರವಾಗಿ ಮೋಟರ್ ಹಚ್ಚಿ ಎಳೆಯುವುದು ಅಕ್ಕಪಕ್ಕದವರ ಪೈಪಿನಲ್ಲಿ ಒತ್ತಡ ಕೆಡಿಸಿ ಕೊಳೆ ಹೀರಿಸುತ್ತದೆ. ಮನೆಯಲ್ಲಿ ಸಂಪು ಮಾಡಿಕೊಂಡು ಅದರಿಂದ ಎತ್ತಲಿ.

ಕಣ್ಣಿಗೆ ಬಿದ್ದರೂ ಯಾರೂ ಲೆಕ್ಕಿಸದ ಒಂದಿದೆ: ನಲ್ಲಿಗೆ ಸಿಕ್ಕಿಸಿದ ಮೆತು ಪೈಪು, ಅದರ ತುದಿ ಬಟ್ಟೆ ನೆನೆಹಾಕಿದ ಡ್ರಮ್ಮಿನೊಳಗೆ ಮುಳುಗಿ ಕೂತಿದೆ. ನೀರು ನಿಂತ ಗಳಿಗೆಯಲ್ಲಿ ಆ ಸೋಪು ನೀರು ಹಿಂದಕ್ಕೆ ಸಾಲಿಗೆ ಹರಿಯುತ್ತದೆ. ನಲ್ಲಿಯ ಬಾಯಿಗೂ ಪಾತ್ರೆಯ ಅಂಚಿಗೂ ನಲ್ಲಿಯ ವ್ಯಾಸದ ಎರಡರಷ್ಟಾದರೂ ಅಂತರ ಬೇಕು.

ಪೈಪು ಒಡೆದು ರಿಪೇರಿ ಮಾಡಿದ ದಿನ ಹೊಸ ತುಂಡು, ಕಪ್ಲಿಂಗ್‌ಗಳ ಒಳಮೈಯನ್ನು 1% ದ್ರಾವಣದಿಂದ ಒರೆಸಿ ಕೂಡಿಸಿ. ಮುಂದಿನ ವಾಷ್‌ಔಟ್ (ಸಾಲಿನ ನೀರು ಹೊರಬಿಡುವ ವಾಲ್ವ್) ತೆರೆದು ನೀರು ತಿಳಿಯಾಗುವವರೆಗೆ ಹೊರಬಿಟ್ಟು, ಉಳಿಕೆ 0.5 ಬಂದ ಮೇಲೆ ಮನೆಗಳಿಗೆ ಬಿಡಿ. ಸಾಲಿನ ಕುರುಡು ತುದಿಗಳನ್ನು ತಿಂಗಳಿಗೊಮ್ಮೆ ಹೀಗೇ ತೊಳೆಯಬೇಕು.

ಪ್ರಯೋಗಾಲಯಕ್ಕೆ ನೀರು ಕಳಿಸುವಾಗ

ನೀರಿಗೆ ಮಲ ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯ ಇ. ಕೋಲಿ 100 ಮಿ.ಲೀ. ನೀರಿನಲ್ಲಿ ಒಂದೂ ಇರಬಾರದು. ನಲ್ಲಿಯ ಬಾಯಿ ಒರೆಸಿ, ಎರಡು-ಮೂರು ನಿಮಿಷ ನೀರು ಹರಿಯಬಿಟ್ಟು, ಕ್ರಿಮಿಶುದ್ಧ ಬಾಟಲಿಗೆ ಹಿಡಿಯಿರಿ. ಬಾಟಲಿಯನ್ನು ಮೊದಲು ತೊಳೆಯಬಾರದು. ಒಳಗಿರುವ, ಕ್ಲೋರಿನ್‌ನ ಕೆಲಸ ನಿಲ್ಲಿಸುವ ಸೋಡಿಯಂ ಥಯೋಸಲ್ಫೇಟ್ ತೊಳೆದುಹೋದರೆ ದಾರಿಯುದ್ದಕ್ಕೂ ಕ್ಲೋರಿನ್ ಕೆಲಸ ಮಾಡಿ, ನಲ್ಲಿಯಲ್ಲಿದ್ದ ರೋಗಾಣು ಪ್ರಯೋಗಾಲಯದಲ್ಲಿ ಕಾಣುವುದಿಲ್ಲ. ಮೇಲೆ ಸ್ವಲ್ಪ ಜಾಗ ಬಿಟ್ಟು ಮುಚ್ಚಿ, ಐಸ್ ಪೆಟ್ಟಿಗೆಯಲ್ಲಿ ಆದಷ್ಟು 6 ಗಂಟೆಯೊಳಗೆ, ಹೆಚ್ಚೆಂದರೆ 24 ಗಂಟೆಯೊಳಗೆ ತಲುಪಿಸಿ.

ಫ್ಲೋರೈಡ್ (ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿ.ಗ್ರಾಂ), ನೈಟ್ರೇಟ್ (50), ಆರ್ಸೆನಿಕ್ (0.01) ಇವಕ್ಕೂ ಕ್ಲೋರಿನ್‌ಗೂ ಸಂಬಂಧವಿಲ್ಲ. ಕುದಿಸಿದರೆ ನೀರು ಆವಿಯಾಗಿ ಇವು ಇನ್ನೂ ಗಟ್ಟಿಯಾಗುತ್ತವೆ. ಬಾಟಲಿ ಹಾಲು ಕುಡಿಯುವ ಎಳೆಗೂಸಿಗೆ ನೈಟ್ರೇಟ್ ಪ್ರಾಣಾಪಾಯ, ಅಂಥ ಮನೆಗೆ ಕೂಡಲೇ ಬೇರೆ ನೀರು ಕೊಡಿ. ಎರಡು ಮೂಲಗಳಿದ್ದರೆ ಬೆರೆಸುವುದೇ ಹಲವು ಸಲ ಸುಲಭದ ದಾರಿ: ಫ್ಲೋರೈಡ್ 2.4 ಇರುವ ನೀರು ಒಂದು ಪಾಲು, 0.6 ಇರುವುದು ಎರಡು ಪಾಲು ಸೇರಿದರೆ 1.2 ಆಗುತ್ತದೆ.

ಇ. ಕೋಲಿ ಬಂದಿದೆ ಎಂದು ವರದಿ ಬಂದರೆ ಮರುಪರೀಕ್ಷೆಗೆ ಕಾಯದೆ ಅಂದೇ ಮನೆಮನೆಗೆ ತಿಳಿಸಿ: ನೀರು ಗಳಗಳ ಕುದಿ ಬಂದ ಮೇಲೆ ಇನ್ನೂ ಒಂದು ನಿಮಿಷ ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಿ ಕುಡಿಯಿರಿ. ಆಮೇಲೆ ಕ್ಲೋರಿನ್ ಏರಿಸಿ, ಸಾಲು ತೊಳೆದು, ಕೊಳೆ ನುಗ್ಗಿದ ಜಾಗ ಹುಡುಕಿ ಮುಚ್ಚಿ. ಬೇರೆ ಬೇರೆ ದಿನ ಹಿಡಿದ ಎರಡು ಮಾದರಿಗಳು ಒಂದರ ಹಿಂದೊಂದು ಶುದ್ಧವೆಂದು ಬರುವವರೆಗೆ ಕುದಿಸುವ ಸೂಚನೆ ಹಿಂತೆಗೆಯಬೇಡಿ. ಆ ಎರಡೂ ಮಾದರಿ ಕೊನೆಯ ನಲ್ಲಿಯದ್ದೇ ಆಗಿರಲಿ.