ಯಕೃತ್ತಿನ ಪ್ರಾಥಮಿಕ ಲಿಂಫೋಮಾ: ಸ್ಕ್ಯಾನ್‌ಗಳಲ್ಲಿ ಗುರುತಿಸುವ ಕ್ರಮ

ಯಕೃತ್ತಿನಲ್ಲಿ ಗಡ್ಡೆಯೊಂದು ಕಂಡಾಗ ರೇಡಿಯಾಲಜಿ ವೈದ್ಯರಿಗೆ ಮೊದಲು ನೆನಪಾಗುವುದು ಬೇರೆ ಅಂಗದಿಂದ ಹರಡಿ ಬಂದ ಕ್ಯಾನ್ಸರ್, ಆಮೇಲೆ ಯಕೃತ್ತಿನದೇ ಆದ ಹೆಪಟೋಸೆಲ್ಯುಲಾರ್ ಕಾರ್ಸಿನೋಮಾ, ಆಮೇಲೆ ಕೀವುಗಡ್ಡೆ. ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್ ಆದ ಲಿಂಫೋಮಾ ಆ ಪಟ್ಟಿಯ ಕೊನೆಯಲ್ಲಿರುತ್ತದೆ, ಎಷ್ಟೋ ಸಲ ಇರುವುದೇ ಇಲ್ಲ. ದುಗ್ಧರಸ ಗ್ರಂಥಿಗಳ ಹೊರಗೆ ಹುಟ್ಟುವ ಲಿಂಫೋಮಾಗಳಲ್ಲಿ ಯಕೃತ್ತಿನಲ್ಲೇ ಮೊದಲಾಗುವವು ಶೇಕಡಾ 1ಕ್ಕಿಂತ ಕಡಿಮೆಯಾದ್ದರಿಂದ ಇದು ಸಹಜವೇ. ಆದರೆ ಈ ರೋಗದ ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆಯಲ್ಲ, ಕೀಮೋಥೆರಪಿ. ಆದ್ದರಿಂದ ವರದಿಯಲ್ಲಿ ಸಕಾಲಕ್ಕೆ ದಾಖಲಾದ ಒಂದು ಸಾಲಿನ ಅನುಮಾನವೂ ರೋಗಿಯನ್ನು ಬೇಡದ ದೊಡ್ಡ ಶಸ್ತ್ರಕ್ರಿಯೆಯಿಂದ ಉಳಿಸಬಲ್ಲದು.

ಚಿತ್ರಗಳನ್ನು ನೋಡುವ ಮೊದಲು ರೋಗಿಯ ಕಾಗದಪತ್ರಗಳನ್ನು ಓದಬೇಕು. ಹೆಪಟೈಟಿಸ್ ಬಿ ಅಥವಾ ಸಿ, ಎಚ್‌ಐವಿ, ಅಂಗಾಂಗ ಕಸಿಯ ನಂತರ ತೆಗೆದುಕೊಳ್ಳುವ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಗಳು ಇವುಗಳ ಜೊತೆಗೆ ಈ ರೋಗಕ್ಕೆ ನಂಟಿದೆ. ಗಡ್ಡೆ ದೊಡ್ಡದಾಗಿದ್ದೂ ರಕ್ತದಲ್ಲಿ ಕ್ಯಾನ್ಸರ್ ಸೂಚಕಗಳಾದ ಆಲ್ಫಾ ಫೀಟೋಪ್ರೋಟೀನ್ ಮತ್ತು ಸಿಇಎ ಸಹಜ ಮಟ್ಟದಲ್ಲಿದ್ದು, ಕೋಶಗಳ ಹಾನಿಯಲ್ಲಿ ಹೆಚ್ಚುವ ಕಿಣ್ವವಾದ ಎಲ್‌ಡಿಎಚ್ ಮಾತ್ರ ಏರಿದ್ದರೆ ಅಲ್ಲಿಗೇ ಅರ್ಧ ಅನುಮಾನ ಹುಟ್ಟಬೇಕು.

ಅಲ್ಟ್ರಾಸೌಂಡ್‌ನಲ್ಲಿ ಈ ಗಡ್ಡೆ ಸುತ್ತಲಿನ ಯಕೃತ್ತಿಗಿಂತ ಕಪ್ಪಾಗಿ ಕಾಣುತ್ತದೆ. ಒಮ್ಮೊಮ್ಮೆ ನೀರುಗುಳ್ಳೆಯೆಂದು ಭ್ರಮಿಸುವಷ್ಟು ಕಪ್ಪಾಗಿರುತ್ತದೆ. ಒಂದೇ ಗಡ್ಡೆಯಾಗಿ ಕಾಣುವುದು ಹೆಚ್ಚು, ಹಲವು ಗಡ್ಡೆಗಳಾಗಿ ಕಾಣುವುದು ಅದಕ್ಕಿಂತ ಕಡಿಮೆ. ಗಡ್ಡೆಯೇ ಇಲ್ಲದೆ ಯಕೃತ್ತಿನ ತುಂಬ ವ್ಯಾಪಿಸಿ, ಅಂಗವನ್ನು ಬರಿದೇ ಹಿಗ್ಗಿಸುವ ರೂಪ ವಿರಳ. ಅದನ್ನು ಚಿತ್ರದಲ್ಲಿ ಹಿಡಿಯುವುದೂ ಅಷ್ಟೇ ಕಷ್ಟ.

ಸಿ.ಟಿ. ಸ್ಕ್ಯಾನನ್ನು ಕಾಂಟ್ರಾಸ್ಟ್ (ರಕ್ತನಾಳಕ್ಕೆ ಚುಚ್ಚುವ, ಚಿತ್ರದಲ್ಲಿ ಹೊಳೆಯುವ ದ್ರವ) ಕೊಡುವ ಮೊದಲು ಒಮ್ಮೆ, ಕೊಟ್ಟ ಮೇಲೆ ಅದು ಅಪಧಮನಿಗಳಲ್ಲಿ ತುಂಬಿರುವ ಅಪಧಮನಿ ಹಂತದಲ್ಲಿ ಸುಮಾರು 35 ಸೆಕೆಂಡಿಗೆ, ಕರುಳಿನಿಂದ ಯಕೃತ್ತಿಗೆ ರಕ್ತ ತರುವ ಪೋರ್ಟಲ್ ಅಭಿಧಮನಿಯನ್ನು ತಲುಪಿದ ಪೋರ್ಟಲ್ ಹಂತದಲ್ಲಿ ಸುಮಾರು 70 ಸೆಕೆಂಡಿಗೆ, ಕೊನೆಗೆ 3ರಿಂದ 5 ನಿಮಿಷಕ್ಕೆ ತೆಗೆಯಬೇಕು. ಪೋರ್ಟಲ್ ಹಂತವೊಂದನ್ನೇ ತೆಗೆದು ತೀರ್ಪು ಕೊಡುವ ರೂಢಿ ಇಲ್ಲಿ ಸಾಲದು. ಲಿಂಫೋಮಾ ಎಲ್ಲ ಹಂತಗಳಲ್ಲೂ ಸಾಮಾನ್ಯವಾಗಿ ಮಂದವಾಗಿಯೇ ಉಳಿಯುತ್ತದೆ. ಕೆಲವೊಮ್ಮೆ ಅಂಚಿನಲ್ಲಿ ತೆಳುವಾದ ಬಳೆಯಂಥ ಹೊಳಪು ಕಾಣಬಹುದು. ಹೆಪಟೋಸೆಲ್ಯುಲಾರ್ ಕಾರ್ಸಿನೋಮಾವಾದರೋ ಅಪಧಮನಿ ಹಂತದಲ್ಲಿ ಹೊಳೆದು, ಮುಂದಿನ ಹಂತಗಳಲ್ಲಿ ಸುತ್ತಲಿನ ಯಕೃತ್ತಿಗಿಂತ ಮಂಕಾಗುತ್ತದೆ. ಇನ್ನೂ ಮುಖ್ಯವಾಗಿ ರಕ್ತನಾಳಗಳನ್ನು ಹುಡುಕಬೇಕು: ಯಕೃತ್ತಿನ ರಕ್ತನಾಳವೊಂದು ದಿಕ್ಕು ಬದಲಿಸದೆ, ಕಿರಿದಾಗದೆ ಗಡ್ಡೆಯ ನಡುವಿನಿಂದಲೇ ಹಾದುಹೋಗಿದ್ದರೆ ಅದು ಲಿಂಫೋಮಾದ ಪರವಾದ ಬಲವಾದ ಸುಳಿವು. ನನ್ನ ದೃಷ್ಟಿಯಲ್ಲಿ ಸಿ.ಟಿ.ಯ ಉಳಿದೆಲ್ಲ ಲಕ್ಷಣಗಳಿಗಿಂತ ಇದಕ್ಕೆ ತೂಕ ಹೆಚ್ಚು, ಏಕೆಂದರೆ ಕಾರ್ಸಿನೋಮಾಗಳು ನಾಳಗಳನ್ನು ತಳ್ಳುವುದು, ಅಮುಕುವುದು ಇಲ್ಲವೇ ಒಳಹೊಕ್ಕು ಮುಚ್ಚುವುದು ಸಾಮಾನ್ಯ.

ಎಂ.ಆರ್.ಐ.ಯಲ್ಲಿ ತೆಗೆಯುವ ಹಲವು ಬಗೆಯ ಚಿತ್ರಗಳ ಪೈಕಿ ಗಡ್ಡೆ ಟಿ1 ಚಿತ್ರದಲ್ಲಿ ಕಪ್ಪಾಗಿ, ಟಿ2 ಚಿತ್ರದಲ್ಲಿ ಮಿತವಾಗಿ ಬೆಳ್ಳಗೆ ಕಾಣುತ್ತದೆ. ಕೋಶಗಳು ಒತ್ತೊತ್ತಾಗಿ ಕಿಕ್ಕಿರಿದಿರುವುದರಿಂದ ನೀರಿನ ಅಣುಗಳ ಚಲನೆಗೆ ತಡೆಯಾಗಿ, ಆ ಚಲನೆಯನ್ನು ತೋರಿಸುವ ಡಿಫ್ಯೂಷನ್ ಚಿತ್ರದಲ್ಲಿ ಗಡ್ಡೆ ಹೊಳೆಯುತ್ತದೆ ಮತ್ತು ಆ ಚಲನೆಯ ಅಳತೆಯಾದ ಎಡಿಸಿ ಮೌಲ್ಯ ಗಮನಾರ್ಹವಾಗಿ ಕಡಿಮೆಯಿರುತ್ತದೆ. ಆದರೆ ಕೀವುಗಡ್ಡೆಯೂ ಡಿಫ್ಯೂಷನ್‌ನಲ್ಲಿ ಹೀಗೆಯೇ ಹೊಳೆಯುತ್ತದೆ. ಜ್ವರ, ಟಿ2 ಚಿತ್ರದಲ್ಲಿ ದ್ರವದಂಥ ಬಿಳುಪು, ಸುತ್ತಲಿನ ಅಂಗಾಂಶದ ಊತ ಇವುಗಳನ್ನು ಒಟ್ಟಾಗಿ ನೋಡಿದರೆ ಎರಡನ್ನೂ ಬೇರ್ಪಡಿಸುವುದು ಸುಲಭವಾಗುತ್ತದೆ. ಪಿತ್ತನಾಳಗಳು ಹಿಗ್ಗಿ, ಯಕೃತ್ತಿನ ಹೊರಮೈ ಒಳಕ್ಕೆ ಸೆಳೆದುಕೊಂಡಿದ್ದರೆ ಪಿತ್ತನಾಳದ ಕ್ಯಾನ್ಸರ್ ಕಡೆಗೆ ಯೋಚಿಸಬೇಕು.

ರೋಗ ಯಕೃತ್ತಿಗೆ ಸೀಮಿತವಾಗಿದೆಯೇ ಎಂಬುದನ್ನು, ಕೋಶಗಳು ಎಷ್ಟು ಸಕ್ಕರೆ ಹೀರುತ್ತವೆಂದು ತೋರಿಸುವ ಪೆಟ್-ಸಿ.ಟಿ. ಸ್ಕ್ಯಾನ್ ಇಲ್ಲದೆ ಹೇಳಲು ಹೋಗಬಾರದು. ದೂರದ ದುಗ್ಧರಸ ಗ್ರಂಥಿಗಳು, ಗುಲ್ಮ ಮತ್ತು ಅಸ್ಥಿಮಜ್ಜೆ ರೋಗಮುಕ್ತವಾಗಿದ್ದು, ರಕ್ತದಲ್ಲಿಯೂ ರೋಗದ ಕೋಶಗಳಿಲ್ಲದಿದ್ದಾಗ ಮಾತ್ರ ಇದನ್ನು ಪ್ರಾಥಮಿಕ ಎನ್ನಬಹುದು. ಈ ಸ್ಕ್ಯಾನ್‌ಗೆ ಬಳಸುವ ವಿಕಿರಣಶೀಲ ಸಕ್ಕರೆಯಾದ ಎಫ್‌ಡಿಜಿ ಚುಚ್ಚುವ ಮೊದಲು ರೋಗಿ 4ರಿಂದ 6 ಗಂಟೆ ಉಪವಾಸವಿರಬೇಕು, ರಕ್ತದ ಸಕ್ಕರೆಯ ಮಟ್ಟವನ್ನು ಪರೀಕ್ಷಿಸಿರಬೇಕು. ಚುಚ್ಚಿದ ಸುಮಾರು 60 ನಿಮಿಷಗಳ ನಂತರ ಸ್ಕ್ಯಾನ್ ಆರಂಭವಾಗುತ್ತದೆ. ಹೆಚ್ಚಾಗಿ ಕಾಣುವ ಬಗೆಯಾದ ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ ಪ್ರಖರವಾಗಿ ಬೆಳಗುತ್ತದೆ. ನಿಧಾನವಾಗಿ ಬೆಳೆಯುವ ಮಾಲ್ಟ್ ಬಗೆ ಮಂಕಾಗಿರಬಹುದಾದ್ದರಿಂದ, ಬೆಳಗಲಿಲ್ಲವೆಂದು ರೋಗವನ್ನು ತಳ್ಳಿಹಾಕುವಂತಿಲ್ಲ. ಕ್ಷಯವೂ ಪೆಟ್‌ನಲ್ಲಿ ಹೀಗೆಯೇ ಬೆಳಗುತ್ತದೆಂಬುದನ್ನು ನಮ್ಮ ದೇಶದಲ್ಲಿ ವರದಿ ಬರೆಯುವವರು ಮರೆಯಬಾರದು.

ಇಷ್ಟೆಲ್ಲ ನೋಡಿದ ಮೇಲೂ ಚಿತ್ರಗಳಿಂದ ಸಿಗುವುದು ಅನುಮಾನವೇ. ನಿರ್ಣಯಕ್ಕೆ ಅಲ್ಟ್ರಾಸೌಂಡ್ ಅಥವಾ ಸಿ.ಟಿ. ಮಾರ್ಗದರ್ಶನದಲ್ಲಿ ಕೋರ್ ಸೂಜಿ ಎಂಬ ದಪ್ಪ ಸೂಜಿಯಿಂದ ತೆಗೆದ ಅಂಗಾಂಶದ ತುಣುಕು (ಬಯಾಪ್ಸಿ) ಬೇಕು. ತೆಳುಸೂಜಿಯಿಂದ ಹೀರಿದ ಬಿಡಿ ಕೋಶಗಳು ಲಿಂಫೋಮಾದ ಬಗೆಯನ್ನು ಹೇಳಲು ಅನೇಕ ವೇಳೆ ಸಾಲುವುದಿಲ್ಲ. ರಕ್ತ ಹೆಪ್ಪುಗಟ್ಟುವಿಕೆಯ ಪರೀಕ್ಷೆಯನ್ನು ಮೊದಲೇ ಮುಗಿಸಬೇಕು. ಬಯಾಪ್ಸಿಗೆ ಮುನ್ನ ಸ್ಟೀರಾಯ್ಡ್ ಆರಂಭಿಸಬಾರದೆಂದು ವರದಿಯಲ್ಲೇ ಬರೆಯುವುದು ಒಳ್ಳೆಯದು. ಸ್ಟೀರಾಯ್ಡ್‌ನಿಂದ ಲಿಂಫೋಮಾ ಬೇಗ ಕರಗುವುದರಿಂದ, ಅನಂತರ ತೆಗೆದ ತುಣುಕಿನಲ್ಲಿ ಸತ್ತ ಅಂಗಾಂಶವಲ್ಲದೆ ಬೇರೇನೂ ಸಿಗದೆ ಹೋಗಬಹುದು.

ಚಿಕಿತ್ಸೆಯ ನಂತರದ ಪೆಟ್ ಸ್ಕ್ಯಾನನ್ನು ಗಡ್ಡೆಯ ಜಾಗ ಎಷ್ಟು ಬೆಳಗುತ್ತದೆಂಬುದಕ್ಕೆ 1ರಿಂದ 5ರವರೆಗೆ ಅಂಕ ಕೊಡುವ ಡೋವಿಲ್ ಮಾಪನದಿಂದ ಅಳೆಯುತ್ತಾರೆ. ಈ ರೋಗದಲ್ಲಿ ಅದಕ್ಕೊಂದು ವಿಶೇಷ ತೊಡಕಿದೆ: ಆ ಮಾಪನಕ್ಕೆ ಹೋಲಿಕೆಯಾಗಿ ಬಳಸುವುದು ಎದೆಯ ದೊಡ್ಡ ರಕ್ತನಾಳದ ಜೊತೆಗೆ ಯಕೃತ್ತನ್ನೇ. ಆದ್ದರಿಂದ ಆರಂಭದ ಸ್ಕ್ಯಾನ್‌ನಲ್ಲಿ ರೋಗವಿಲ್ಲದಿದ್ದ ಯಕೃತ್ತಿನ ಭಾಗವನ್ನು ಗುರುತಿಸಿಟ್ಟುಕೊಂಡು, ಮುಂದೆಯೂ ಅದನ್ನೇ ಅಳತೆಗೆ ಆರಿಸಿಕೊಳ್ಳಬೇಕು. ಕರಗಿದ ಗಡ್ಡೆಯ ಜಾಗದಲ್ಲಿ ಸಿ.ಟಿ.ಗೆ ಕಲೆಯೊಂದು ಕಂಡರೂ, ಅದು ಆ ಭಾಗಕ್ಕಿಂತ ಹೆಚ್ಚು ಬೆಳಗದಿದ್ದರೆ ಸಾಮಾನ್ಯವಾಗಿ ಅದನ್ನು ಉಳಿದ ರೋಗವೆಂದು ಎಣಿಸುವುದಿಲ್ಲ.